ಅಲುಗುವ ಹಲ್ಲಿಗೆ ಎಷ್ಟು ಆಯುಷ್ಯ?

ಮೈಸೂರಿನಿಂದ ಸೋದರಿಯೊಬ್ಬರು ಬರೆದಿರುವ ಪತ್ರ ನಮ್ಮ ಮುಂದಿದೆ. ಅವರ ವಯಸ್ಸು ನಲವತ್ತೇಳು. ವಸಡಿನ ರೋಗ ಬಹಳ ಮುಂದುವರಿದಿದೆಯೆಂದು ಎರಡು ವರ್ಷಗಳ ಹಿಂದೆ ತಿಳಿದು, ಹಲ್ಲುಗಳನ್ನು ಬೇರಿನವರೆಗೂ ಶುದ್ಧಿ ಮಾಡಿಸಿ, ಎರಡು ಕಡೆ ವಸಡಿನ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿಕೊಂಡರಂತೆ. ರಕ್ತ ಬರುವುದು ನಿಂತಿತು. ಬಾಯಿಯ ದುರ್ವಾಸನೆಯೂ ಹೋಯಿತು. ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕೆಂದು ದಂತವೈದ್ಯರು ಹೇಳಿದ್ದರು. ಎರಡು ಬಾರಿ ಹೋದರು. ನೋವೇ ಇಲ್ಲದಿರುವಾಗ ಹೋಗುವುದೇಕೆಂದು ಆಮೇಲೆ ಬಿಟ್ಟರು. ಈಗ ಮೇಲ್ಸಾಲಿನ ಬಲಗಡೆಯ ದವಡೆಹಲ್ಲೊಂದು ಅಲುಗತೊಡಗಿದೆ. "ಒಂದೊಂದಾಗಿ ಬೀಳುವುದನ್ನು ನೋಡುತ್ತ ಕೂರುವುದೇಕೆ? ಮಗಳ ಮದುವೆಗೆ ಮುಂಚೆ ಎಲ್ಲವನ್ನೂ ಕೀಳಿಸಿ ಸೆಟ್ಟು ಕಟ್ಟಿಸಿಕೊಂಡುಬಿಡು" ಎಂದು ಓರಗಿತ್ತಿಯ ಸಲಹೆ. ಖರ್ಚು ಮಾಡಿದ ಹಣವೆಲ್ಲ ನೀರಿನಲ್ಲಿ ಹೋಮವಾಯಿತೇ, ಉಳಿದ ಹಲ್ಲುಗಳು ಇನ್ನೆಷ್ಟು ವರ್ಷ ಇದ್ದಾವು ಎಂಬುದು ಅವರ ಪ್ರಶ್ನೆ.

ಇಂಥ ಪತ್ರ ಇದೊಂದೇ ಅಲ್ಲ. ಹಿರಿಯರು "ಪಯೋರಿಯ" ಎಂದು ಕರೆಯುತ್ತಿದ್ದ ಈ ವ್ಯಾಧಿಯನ್ನು ಕುರಿತು ನಮಗೆ ಬರುವ ಪತ್ರಗಳೆಲ್ಲ ಸುತ್ತಿ ಬಳಸಿ ಇದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ. ಆದುದರಿಂದ ಸೋದರಿಗೆ ಕೊಡುವ ಉತ್ತರವನ್ನು ಎಲ್ಲರೂ ಓದುವಂತೆ ಇಲ್ಲಿಯೇ ಬರೆಯುವುದು ಲೇಸೆಂದು ತೋರಿತು.

ಮೊದಲು ರೋಗದ ಸ್ವರೂಪವನ್ನು ಸ್ವಲ್ಪ ತಿಳಿಯೋಣ. ಹಲ್ಲು ನಿಂತಿರುವುದು ವಸಡಿನ ಬಲದಿಂದಲ್ಲ, ಎಲುಬಿನ ಬಲದಿಂದ. ದವಡೆಯ ಎಲುಬಿನ ಕುಳಿಯೊಳಗೆ ಬೇರು ಇಳಿದಿದೆ. ಅತಿ ಸೂಕ್ಷ್ಮವಾದ ನಾರುಗಳು ಬೇರನ್ನು ಎಲುಬಿಗೆ ಬಿಗಿದಿವೆ. ಮೇಲೆ ವಸಡು ಕೊರಳಪಟ್ಟಿಯಂತೆ ಸುತ್ತಿಕೊಂಡಿದೆ. ಹಲ್ಲಿನ ಬುಡದಲ್ಲಿ ದಿನವೂ ಕೂಡುವ ಮೆತ್ತನೆಯ ಪಾಚಿಯನ್ನು ತೆಗೆಯದಿದ್ದರೆ ಅದರಲ್ಲಿ ವಾಸಿಸುವ ಸೂಕ್ಷ್ಮಜೀವಿಗಳಿಂದ ವಸಡು ಕೆಂಪಾಗಿ ಊದಿಕೊಳ್ಳುತ್ತದೆ. ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಎಂಬ ವಿದ್ವಾಂಸರೂ ಅವರ ಸಂಗಡಿಗರೂ 1965ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಆರೋಗ್ಯವಂತರಾದ ಹನ್ನೆರಡು ಮಂದಿ ಹಲ್ಲುಜ್ಜುವುದನ್ನು ಬೇಕೆಂದೇ ನಿಲ್ಲಿಸಿದರು. ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಎಲ್ಲರ ವಸಡೂ ಕೆರಳಿತು. ಮತ್ತೆ ಉಜ್ಜಲಾರಂಭಿಸಿದ ಮೇಲೆ ಸುಮಾರು ಒಂದು ವಾರದಲ್ಲಿ ಮೊದಲಿನಂತಾಯಿತು. ಅಷ್ಟರ ಮಟ್ಟಿಗೆ ಇದು ಹೋಗಿ ಬರುವ ನೆಗಡಿಯಂತೆ.

ಆದರೆ ಕೆಲವರಲ್ಲಿ ಕತೆ ಅಲ್ಲಿಗೆ ನಿಲ್ಲದು. ಪಾಚಿ ಗಟ್ಟಿಯಾಗಿ ಗಾರೆಯಂತೆ ಹಲ್ಲಿಗಂಟುತ್ತದೆ. ವಸಡು ಹಲ್ಲಿನಿಂದ ಬಿಟ್ಟುಕೊಂಡು ನಡುವೆ ಆಳವಾದ ಸಂದು ಉಂಟಾಗುತ್ತದೆ. ಇದನ್ನೇ ದಂತವೈದ್ಯರು ಪಾಕೆಟ್ ಎನ್ನುತ್ತಾರೆ. ಸಂದು ಆಳವಾದಂತೆ ಬೇರನ್ನು ಹಿಡಿದ ನಾರುಗಳು ಕಡಿದು, ಎಲುಬು ಕರಗುತ್ತ ಹೋಗುತ್ತದೆ. ನೋವು ಮಾತ್ರ ಬಹುಮಟ್ಟಿಗೆ ಇರುವುದಿಲ್ಲ. ಹುಳುಕು ಹಲ್ಲು ರಾತ್ರಿಯೆಲ್ಲ ನಿದ್ರೆ ಕೆಡಿಸಿ ವೈದ್ಯರ ಬಳಿಗೆ ಎಳೆದುಕೊಂಡು ಹೋಗುತ್ತದೆ. ವಸಡಿನ ರೋಗವೋ ಹಾಗಲ್ಲ. ಬಾಡಿಗೆ ಕೊಡದೆ ವರ್ಷಗಟ್ಟಲೆ ಸದ್ದಿಲ್ಲದೆ ಮನೆಯಲ್ಲಿ ಕುಳಿತ ಒಕ್ಕಲಿನಂತೆ. ಸಾಮಾನ್ಯವಾಗಿ ಕರಗಿದ ಎಲುಬು ತಾನಾಗಿ ಹಿಂದಿರುಗುವುದಿಲ್ಲ. ಕೆಲವು ಬಗೆಯ ಕುಳಿಗಳಲ್ಲಿ ಶಸ್ತ್ರಚಿಕಿತ್ಸೆಯಿಂದ ಸ್ವಲ್ಪ ಬೆಳೆಸಬಹುದು. ಉಳಿದೆಡೆ ಚಿಕಿತ್ಸೆಯ ಉದ್ದೇಶ ಇರುವುದನ್ನು ಕಾಪಾಡುವುದೇ.

ಎಲ್ಲರಲ್ಲಿಯೂ ರೋಗದ ವೇಗ ಒಂದೇ ಅಲ್ಲವೆಂಬುದು ಮನಸ್ಸಿನಲ್ಲಿಡತಕ್ಕ ಮಾತು. ಇದೇ ಲೋ ಅವರ ತಂಡ 1970ರಿಂದ ಹದಿನೈದು ವರ್ಷ ಶ್ರೀಲಂಕೆಯ ಚಹಾ ತೋಟಗಳ 480 ಮಂದಿ ತಮಿಳು ಕಾರ್ಮಿಕರ ಬಾಯಿಯನ್ನು ಮತ್ತೆ ಮತ್ತೆ ಪರೀಕ್ಷಿಸಿತು. ಅವರಿಗೆ ಹಲ್ಲುಜ್ಜುವ ಬ್ರಷ್ಷಿನ ಅಭ್ಯಾಸವಿರಲಿಲ್ಲ, ದಂತವೈದ್ಯರ ನೆರವೂ ಇರಲಿಲ್ಲ. ಎಲ್ಲರ ಹಲ್ಲಿನಲ್ಲಿಯೂ ಪಾಚಿ, ಎಲ್ಲರ ವಸಡಿನಲ್ಲಿಯೂ ಊತ. ಆದರೂ ನೂರಕ್ಕೆ ಸುಮಾರು ಹನ್ನೊಂದು ಮಂದಿಯಲ್ಲಿ ರೋಗ ವಸಡಿನಾಚೆಗೆ ಇಳಿಯಲೇ ಇಲ್ಲ. ಎಂಬತ್ತೊಂದು ಮಂದಿಯಲ್ಲಿ ನಿಧಾನವಾಗಿ ಮುಂದುವರಿಯಿತು. ಸುಮಾರು ಎಂಟು ಮಂದಿಯಲ್ಲಿ ಮಾತ್ರ ಬೆಂಕಿಯಂತೆ ಹಬ್ಬಿ, ನಡುವಯಸ್ಸಿನೊಳಗೇ ಹಲ್ಲುಗಳನ್ನು ಕಳೆಯಿತು. ಅಶುಚಿಯೊಂದೇ ಕಾರಣವಾಗಿದ್ದರೆ ಈ ಭೇದ ಏಕೆ? ದೇಹಪ್ರಕೃತಿ, ವಂಶ ಇವುಗಳ ಪಾತ್ರವೂ ಉಂಟು. ವಸಡಿನ ರೋಗದಿಂದ ಹಲ್ಲು ಕಳೆದುಕೊಂಡವರನ್ನು "ನೆಟ್ಟಗೆ ಹಲ್ಲುಜ್ಜದವರು" ಎಂದು ಆಡಿಕೊಳ್ಳುವವರು ಇದನ್ನು ಓದಿದರೆ ಒಳ್ಳೆಯದು.

ಇನ್ನು ಓರಗಿತ್ತಿಯ ಸಲಹೆಯ ವಿಚಾರ. ಆಕೆಯನ್ನು ದೂರುವ ಹಾಗಿಲ್ಲ. ಒಂದು ಕಾಲಕ್ಕೆ ದೊಡ್ಡ ದೊಡ್ಡ ವೈದ್ಯರ ಅಭಿಪ್ರಾಯವೂ ಅದೇ ಆಗಿತ್ತು. ಅಮೆರಿಕದ ಹಾರ್ಟ್‌ಫರ್ಡ್ ನಗರದ ಜಾನ್ ರಿಗ್ಸ್ ಎಂಬ ದಂತವೈದ್ಯನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬೇರಿನ ಮೇಲಿನ ಗಾರೆಯನ್ನು ಕೆರೆದು ತೆಗೆದು ಅಲುಗುವ ಹಲ್ಲುಗಳನ್ನು ಉಳಿಸಬಹುದೆಂದು ವಾದಿಸಿದ್ದನು. ಈ ವ್ಯಾಧಿಗೆ "ರಿಗ್ಸನ ರೋಗ" ಎಂಬ ಹೆಸರೇ ಬಹುಕಾಲ ನಿಂತಿತ್ತು. (1844ರ ಡಿಸೆಂಬರಿನಲ್ಲಿ ನಗೆ ಅನಿಲವನ್ನು ಸೇವಿಸಿ ಕುಳಿತ ಹೊರೇಸ್ ವೆಲ್ಸನ ಹಲ್ಲನ್ನು ನೋವಿಲ್ಲದೆ ಕಿತ್ತು, ಅರಿವಳಿಕೆಯ ಇತಿಹಾಸದಲ್ಲಿ ಸ್ಥಾನ ಪಡೆದವನೂ ಈತನೇ. ಕೀಳುವುದರಲ್ಲಿ ಹೆಸರಾದವನೇ ಉಳಿಸುವುದರ ಪರವಾಗಿ ನಿಂತದ್ದು ಸೋಜಿಗ.) ಆದರೆ 1910ರಲ್ಲಿ ವಿಲಿಯಂ ಹಂಟರ್ ಎಂಬ ಲಂಡನ್ನಿನ ವೈದ್ಯರು ಕೆನಡದ ಮಾಂಟ್ರಿಯಲ್‌ನಲ್ಲಿ ಭಾಷಣ ಮಾಡಿ, ದೇಹದ ಎಷ್ಟೋ ರೋಗಗಳಿಗೆ ಬಾಯಿಯ ನಂಜೇ ಮೂಲವೆಂದು ಸಾರಿದ ಮೇಲೆ ಗಾಳಿ ತಿರುಗಿತು. ಕೀಲುನೋವಿಗೂ ಹಲ್ಲು ಕೀಳು, ಹೊಟ್ಟೆನೋವಿಗೂ ಹಲ್ಲು ಕೀಳು ಎಂಬ ಹುಚ್ಚು ದಶಕಗಳ ಕಾಲ ನಡೆಯಿತು. ಒಳ್ಳೆಯ ಹಲ್ಲುಗಳೂ ಅದರಲ್ಲಿ ಹೋದವು. ನಮ್ಮ ಅಜ್ಜಂದಿರು ನಲವತ್ತಕ್ಕೇ ಸೆಟ್ಟು ಧರಿಸಿ, ರಾತ್ರಿ ಅದನ್ನು ಲೋಟದ ನೀರಿನಲ್ಲಿಟ್ಟು ಮಲಗುತ್ತಿದ್ದುದರ ಹಿನ್ನೆಲೆಯಲ್ಲಿ ಈ ಗಾಳಿಯೂ ಒಂದಿಷ್ಟು ಇದ್ದಿರಬೇಕು.

ಉಳಿಸುವವರ ಮಾತು ಸರಿಯೋ ಕೀಳುವವರ ಮಾತು ಸರಿಯೋ ಎಂಬುದನ್ನು ಕಾಲವೇ ತೀರ್ಮಾನಿಸಬೇಕಾಗಿತ್ತು, ತೀರ್ಮಾನಿಸಿದೆ ಕೂಡ. ಹಿರ್ಶ್‌ಫೆಲ್ಡ್ ಮತ್ತು ವಾಸರ್ಮನ್ ಎಂಬ ಅಮೆರಿಕದ ಇಬ್ಬರು ತಜ್ಞರು ವಸಡಿನ ಚಿಕಿತ್ಸೆ ಪಡೆದ 600 ಮಂದಿಯನ್ನು ಸರಾಸರಿ ಇಪ್ಪತ್ತೆರಡು ವರ್ಷಗಳ ತರುವಾಯ ಮತ್ತೆ ಪರೀಕ್ಷಿಸಿ, 1978ರಲ್ಲಿ ಲೆಕ್ಕವನ್ನು ಪ್ರಕಟಿಸಿದರು. ಇವರಲ್ಲಿ ಬಹುಮಂದಿ ರೋಗ ಬಲಿತ ಮೇಲೆ ಬಂದವರು. ಅವರ ಲೆಕ್ಕ ಹೀಗಿದೆ: 300 ಮಂದಿ, ಅಂದರೆ ಸರಿಯಾಗಿ ಅರ್ಧ, ಇಪ್ಪತ್ತೆರಡು ವರ್ಷಗಳಲ್ಲಿ ವಸಡಿನ ರೋಗದಿಂದ ಒಂದು ಹಲ್ಲನ್ನೂ ಕಳೆದುಕೊಳ್ಳಲಿಲ್ಲ. 199 ಮಂದಿ ಒಂದರಿಂದ ಮೂರು ಹಲ್ಲುಗಳನ್ನು, 76 ಮಂದಿ ನಾಲ್ಕರಿಂದ ಒಂಬತ್ತನ್ನು ಕಳೆದುಕೊಂಡರು. ಉಳಿದ 25 ಮಂದಿ ಮಾತ್ರ ಹತ್ತು, ಹದಿನೈದು, ಇಪ್ಪತ್ತಮೂರರವರೆಗೂ ಕಳೆದುಕೊಂಡರು. ನಾಲ್ಕು ವರ್ಷಗಳ ಮೇಲೆ, 1982ರಲ್ಲಿ, ಮೆಕ್‌ಫಾಲ್ ಎಂಬವರು ನೂರು ಮಂದಿಯನ್ನು ಸರಾಸರಿ ಹತ್ತೊಂಬತ್ತು ವರ್ಷ ಗಮನಿಸಿ ಪ್ರಕಟಿಸಿದ ಲೆಕ್ಕವೂ ಬಹುಮಟ್ಟಿಗೆ ಹೀಗೆಯೇ: 77 ಮಂದಿ ಚೆನ್ನಾಗಿ ಉಳಿಸಿಕೊಂಡರು, 15 ಮಂದಿ ಇಳಿಜಾರಿನಲ್ಲಿದ್ದರು, 8 ಮಂದಿ ಕಡಿದಾದ ಇಳಿಜಾರಿನಲ್ಲಿದ್ದರು.

ಸರಾಸರಿ ಎಂಬುದು ಇಲ್ಲಿ ಮೋಸ ಮಾಡುವ ಮಾತು. ನಷ್ಟವನ್ನು ಎಲ್ಲರಿಗೂ ಸಮನಾಗಿ ಹಂಚಿ ನೋಡಿದರೆ ತಲೆಗೆ ಎರಡು ಹಲ್ಲು ಬಂದೀತು. ನಿಜವಾಗಿ ಅದು ಕೆಲವೇ ಜನರ ಮೇಲೆ ಬಿದ್ದಿದೆ. ಮೊದಲ ದಿನವೇ "ಇದು ಸಂದೇಹ" ಎಂದು ವೈದ್ಯರು ಗುರುತು ಹಾಕಿದ್ದ ಹಲ್ಲುಗಳು 2,139 ಇದ್ದವು. ಓರಗಿತ್ತಿ ವೈದ್ಯೆಯಾಗಿದ್ದರೆ ಇವೆಲ್ಲ ಅಂದೇ ಬುಟ್ಟಿಗೆ ಬೀಳುತ್ತಿದ್ದವು. ಆದರೆ ಹೋದವು 666 ಮಾತ್ರ. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಹಲ್ಲುಗಳು ಎರಡು ದಶಕ ದಾಟಿಯೂ ಬಾಯಲ್ಲೇ ಇದ್ದವು. ಹೋದ 666ರಲ್ಲಿಯೂ 394 ಹಲ್ಲುಗಳು ಅತಿಯಾಗಿ ಕೆಟ್ಟ ಆರನೆಯ ಒಂದು ಪಾಲು ಜನರವು.

ಯಾವ ಹಲ್ಲು ಮೊದಲು ಹೋಗುತ್ತದೆ ಎಂಬುದಕ್ಕೂ ಒಂದು ಕ್ರಮವುಂಟು. ಮೇಲಿನ ದವಡೆಹಲ್ಲುಗಳು ಮೊದಲು; ಕೆಳಗಿನ ಕೋರೆಹಲ್ಲುಗಳು ಕಟ್ಟಕಡೆಗೆ. ಕಾರಣ ಬೇರಿನ ಆಕಾರ. ಕೋರೆಹಲ್ಲಿಗೆ ಗೂಟದಂತೆ ಉದ್ದನೆಯ ಒಂದೇ ಬೇರು. ಶುದ್ಧಿ ಮಾಡುವುದು ಸುಲಭ. ಮೇಲಿನ ದವಡೆಹಲ್ಲಿಗೆ ಸಾಮಾನ್ಯವಾಗಿ ಮೂರು ಬೇರು, ಕೆಳಗಿನದಕ್ಕೆ ಎರಡು. ಎಲುಬು ಕರಗಿ ಬೇರು ಕವಲೊಡೆಯುವ ಜಾಗ ಬಯಲಾದರೆ ಆ ಗವಿಯೊಳಗೆ ಬ್ರಷ್ಷೂ ಹೋಗದು, ವೈದ್ಯರ ಉಪಕರಣವೂ ಎಲ್ಲ ಮೂಲೆಗೆ ತಲುಪದು. ಅದೇ ಲೆಕ್ಕದಲ್ಲಿ ಕವಲಿಗೆ ರೋಗ ತಗಲಿದ ಹಲ್ಲುಗಳು 1,464. ಅವುಗಳಲ್ಲಿ ಹೋದವು 460. ಮೈಸೂರಿನ ಸೋದರಿಯ ಅಲುಗುವ ಹಲ್ಲು ಮೇಲಿನ ದವಡೆಯದೇ ಆಗಿರುವುದು ಆಶ್ಚರ್ಯವಲ್ಲ. ಅದು ಅಲುಗಿತೆಂದ ಮಾತ್ರಕ್ಕೆ ಉಳಿದುವೂ ಅದರ ಹಿಂದೆಯೇ ಹೊರಟಿವೆ ಎಂದು ತಿಳಿಯಬೇಕಾದುದಿಲ್ಲ.

ಆದರೆ ಈ ಸಂತೋಷದ ಅಂಕಿಗಳಿಗೆ ಒಂದು ಷರತ್ತಿದೆ. ಅವು ಚಿಕಿತ್ಸೆ ಮುಗಿದ ಮೇಲೂ ವರ್ಷ ವರ್ಷವೂ ತಪ್ಪದೆ ವೈದ್ಯರ ಬಳಿಗೆ ಬರುತ್ತಿದ್ದವರ ಅಂಕಿಗಳು. ಬರದವರ ಗತಿಯೇನು? ಅಮೆರಿಕದ ಬೆಕರ್ ಮತ್ತು ಸಂಗಡಿಗರು 1979ರಲ್ಲಿಯೂ 1984ರಲ್ಲಿಯೂ ಪ್ರಕಟಿಸಿದ ಲೆಕ್ಕಗಳನ್ನು ಹತ್ತು ವರ್ಷಕ್ಕೆ ಏರಿಸಿ ಹೇಳಬಹುದಾದರೆ, ಚಿಕಿತ್ಸೆಯನ್ನೇ ಮಾಡಿಸದವರು ತಲೆಗೆ ಸರಾಸರಿ ಮೂರೂವರೆ ಹಲ್ಲುಗಳಿಗಿಂತ ಸ್ವಲ್ಪ ಹೆಚ್ಚಾಗಿಯೂ, ಚಿಕಿತ್ಸೆ ಮಾಡಿಸಿ ಆಮೇಲೆ ಬರುವುದನ್ನು ಬಿಟ್ಟವರು ಎರಡಕ್ಕಿಂತ ಸ್ವಲ್ಪ ಹೆಚ್ಚಾಗಿಯೂ, ಚಿಕಿತ್ಸೆಯ ಬಳಿಕ ತಪ್ಪದೆ ಬಂದವರು ಸುಮಾರು ಒಂದನ್ನೂ ಕಳೆದುಕೊಂಡರು. ಇವು ಸಣ್ಣ ಗುಂಪುಗಳ ಲೆಕ್ಕ. ಕೂದಲು ಸೀಳುವಷ್ಟು ನಂಬತಕ್ಕುದಲ್ಲ. ಆದರೂ ದಿಕ್ಕು ಸ್ಪಷ್ಟವಾಗಿದೆ.

ಮೂರು ತಿಂಗಳೇ ಏಕೆಂದು ಕೇಳಬಹುದು. ಆಳದ ಸಂದುಗಳನ್ನು ಎಷ್ಟು ಚೆನ್ನಾಗಿ ಶುದ್ಧಿ ಮಾಡಿದರೂ ಸೂಕ್ಷ್ಮಜೀವಿಗಳು ಕೆಲವು ವಾರಗಳಿಂದ ಕೆಲವು ತಿಂಗಳೊಳಗೆ ಮತ್ತೆ ಬಿಡಾರ ಹೂಡುತ್ತವೆ. ಬಿಡಾರ ಊರಾಗುವುದಕ್ಕೆ ಮುಂಚೆ ಎಬ್ಬಿಸಿಬಿಡಬೇಕು, ಅಷ್ಟೇ. ವಸಡು ಬಹುಕಾಲ ಶಾಂತವಾಗಿದ್ದರೆ ವೈದ್ಯರು ಈ ಅವಧಿಯನ್ನು ನಾಲ್ಕು ಅಥವಾ ಆರು ತಿಂಗಳಿಗೆ ಏರಿಸುವುದೂ ಉಂಟು. ಚಿಕಿತ್ಸೆಯ ಬಳಿಕವೂ ಆರು ಮಿಲಿಮೀಟರು ಅಥವಾ ಅದಕ್ಕೂ ಆಳವಾದ ಸಂದು ಎಲ್ಲಿಯಾದರೂ ಉಳಿದಿದೆಯೇ ಎಂದು ಅವರನ್ನು ಕೇಳಿ ತಿಳಿದುಕೊಳ್ಳಿ. ಅಂಥ ಸಂದು ಉಳಿದ ಹಲ್ಲೇ ಮುಂದೆ ಹೋಗುವ ಸಂಭವ ಹೆಚ್ಚು. ಇನ್ನು, ಹೋಗುವುದನ್ನು ಬಿಟ್ಟೆನಲ್ಲಾ ಎಂದು ಸೋದರಿ ನಾಚಬೇಕಾದುದೂ ಇಲ್ಲ. ಅಮೆರಿಕದಲ್ಲಿ ವಿಲ್ಸನ್ ಮತ್ತು ಸಂಗಡಿಗರು ಸುಮಾರು ಸಾವಿರ ಮಂದಿಯನ್ನು ಎಂಟು ವರ್ಷಗಳವರೆಗೆ ಗಮನಿಸಿ 1984ರಲ್ಲಿ ಬರೆದಂತೆ, ಹೇಳಿದ ಹಾಗೆ ಬಂದವರು ನೂರಕ್ಕೆ ಹದಿನಾರು ಮಂದಿ. ಮತ್ತೆ ಮುಖವನ್ನೇ ತೋರಿಸದವರು ಮೂವತ್ತನಾಲ್ಕು ಮಂದಿ. ಎರಡು ಬಾರಿಯಾದರೂ ಹೋದ ನಮ್ಮ ಸೋದರಿ ಅವರಿಗಿಂತ ಮೇಲು!

ಹೋಗದಿರುವುದಕ್ಕೆ ನಮ್ಮಲ್ಲಿ ಇನ್ನೊಂದು ಕಾರಣವಿದೆ. ಅದನ್ನು ಬಿಡಿಸಿ ಹೇಳಲೇಬೇಕು. "ಗಾರೆ ತೆಗೆಸಿದರೆ ಹಲ್ಲು ಸಡಿಲವಾಗುತ್ತದೆ" ಎಂಬ ನಂಬಿಕೆ ನಮ್ಮ ಮನೆಮನೆಗಳಲ್ಲಿಯೂ ಬೇರೂರಿದೆ. ನಂಬಿಕೆ ಹುಟ್ಟಿದ್ದು ಕಣ್ಣಾರೆ ಕಂಡುದರಿಂದಲೇ. ಚಿಕಿತ್ಸೆಯಾದ ಮೇಲೆ ಊದಿದ ವಸಡು ಇಳಿಯುತ್ತದೆ, ಹಲ್ಲುಗಳು ಉದ್ದವಾದಂತೆ ಕಾಣುತ್ತವೆ, ಸಂದುಗಳು ಬಯಲಾಗುತ್ತವೆ, ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆ, ಕೆಲವು ದಿನ ಹಲ್ಲು ತುಸು ಅಲುಗುವುದೂ ಉಂಟು. ಆದರೆ ಆ ಸಂದನ್ನು ಮಾಡಿದುದು ರೋಗ. ವೈದ್ಯರು ಅದರೊಳಗೆ ತುಂಬಿದ್ದ ಕಸವನ್ನು ತೆಗೆದರು, ಅಷ್ಟೇ. ಬಿರುಕು ಬಿಟ್ಟ ಗೋಡೆಗೆ ಮೆತ್ತಿಕೊಂಡಿದ್ದ ಕೊಳೆಯನ್ನು ತೊಳೆದಾಗ ಬಿರುಕು ಕಾಣುತ್ತದೆ. ತೊಳೆದವನು ಬಿರುಕು ಬಿಡಿಸಿದನೆನ್ನಲಾದೀತೇ? ಗಾರೆಯ ಬಲದಿಂದ ನಿಂತ ಹಲ್ಲು ಎಷ್ಟು ದಿನ ನಿಂತೀತು? ಊತ ಇಳಿದು ನಾರುಗಳು ಬಿಗಿದುಕೊಂಡ ಮೇಲೆ ಎಷ್ಟೋ ಹಲ್ಲುಗಳು ಮೊದಲಿಗಿಂತ ಗಟ್ಟಿಯಾಗುತ್ತವೆ. ಜುಮ್ಮೆನ್ನುವುದೂ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ.

ಯಜಮಾನರುಗಳಿಗೆ ಒಂದು ಮಾತು. ಕಡ್ಡಿಪುಡಿಯನ್ನು ಕೆನ್ನೆಯಲ್ಲಿಟ್ಟುಕೊಂಡೋ ಬೀಡಿ ಸಿಗರೇಟು ಸೇದುತ್ತಲೋ ವಸಡಿನ ಚಿಕಿತ್ಸೆ ಮಾಡಿಸುವುದು ತೂತು ಬಿದ್ದ ಕೊಡಕ್ಕೆ ನೀರು ಸೇದಿ ಹಾಕಿದಂತೆ. ಸೇದುವವರಲ್ಲಿ ಚಿಕಿತ್ಸೆಯ ಫಲ ಕಡಿಮೆ, ಮುಂದೆ ಹಲ್ಲು ಹೋಗುವುದು ಹೆಚ್ಚು. ಅದಕ್ಕಿಂತ ಅಪಾಯದ ಸಂಗತಿಯೆಂದರೆ, ಸೇದುವವರ ವಸಡಿನಿಂದ ರಕ್ತ ಸುಲಭವಾಗಿ ಬರುವುದಿಲ್ಲ. ರಕ್ತವೇ ಇಲ್ಲ, ನನ್ನ ವಸಡು ಭದ್ರವಾಗಿದೆಯೆಂದು ಅವರು ಬೀಗುತ್ತಿರುವಾಗ ಒಳಗೆ ಎಲುಬು ಕರಗುತ್ತಿರುತ್ತದೆ. ಸಕ್ಕರೆ ಕಾಯಿಲೆಯದೂ ದೊಡ್ಡ ಪಾತ್ರ. ಅದು ಹತೋಟಿಯಲ್ಲಿಲ್ಲದಿದ್ದರೆ ವಸಡು ಕೆಡುತ್ತದೆ; ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರಲು ಒಲ್ಲೆನ್ನುತ್ತದೆ. ವಸಡಿನ ಚಿಕಿತ್ಸೆಯಿಂದ ರಕ್ತದ ಸಕ್ಕರೆ ಸ್ವಲ್ಪ ಮಟ್ಟಿಗೆ ಇಳಿಯುವುದೆಂದು ಈಚಿನ ಪರೀಕ್ಷೆಗಳು ತೋರಿಸಿವೆ. ಸೋದರಿ ತಮ್ಮ ರಕ್ತವನ್ನು ಪರೀಕ್ಷಿಸಿಕೊಂಡಿದ್ದಾರೆಯೇ ಎಂಬುದು ಪತ್ರದಲ್ಲಿ ಇಲ್ಲ. ಮಾಡಿಸಿಕೊಂಡಿಲ್ಲವಾದರೆ ಈ ವಾರವೇ ಮಾಡಿಸುವುದು ಒಳ್ಳೆಯದು.

ಮನೆಯಲ್ಲಿ ಮಾಡಬೇಕಾದುದು ಸ್ವಲ್ಪವೇ, ಆದರೆ ದಿನವೂ ಮಾಡಬೇಕಾದುದು. ಉಪ್ಪು, ಬೇವಿನ ಕಡ್ಡಿ, ಇದ್ದಿಲ ಪುಡಿ ಇವುಗಳ ಗುಣಾವಗುಣಗಳ ಚರ್ಚೆ ಇಲ್ಲಿ ಬೇಡ. ಇವಾವುವೂ ಆರು ಮಿಲಿಮೀಟರು ಆಳಕ್ಕೆ ಇಳಿಯಲಾರವು ಎಂದರೆ ಸಾಕು. ಮೆತ್ತನೆಯ ಬ್ರಷ್ಷಿನಿಂದ ಬೆಳಿಗ್ಗೆ ಮತ್ತು ಮಲಗುವ ಮುನ್ನ ವಸಡಿನ ಅಂಚನ್ನು ಉಜ್ಜಬೇಕು. ವಸಡು ಇಳಿದು ಹಲ್ಲುಗಳ ನಡುವೆ ಜಾಗವಾಗಿರುವವರು, ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂತಿರುವ ಸಣ್ಣ ಬ್ರಷ್ಷನ್ನು ದಿನಕ್ಕೊಮ್ಮೆ ಪ್ರತಿ ಸಂದಿನಲ್ಲಿಯೂ ಆಡಿಸಬೇಕು. ಯಾವ ಸಂದಿಗೆ ಯಾವ ಗಾತ್ರದ್ದು ಎಂಬುದನ್ನು ದಂತವೈದ್ಯರೇ ತೋರಿಸಿಕೊಡುತ್ತಾರೆ. ಸೂಜಿ, ಗುಂಡುಪಿನ್ನು, ಹೇರ್‌ಪಿನ್ನುಗಳನ್ನು ದಯವಿಟ್ಟು ಅವುಗಳ ಜಾಗದಲ್ಲಿಯೇ ಬಿಡಿ.

ಈಗ ಆ ಅಲುಗುವ ಹಲ್ಲಿಗೆ ಬರೋಣ. ಕೂಡಲೇ ಹೋಗಿ, ಸಂದಿನ ಆಳವನ್ನು ಅಳೆಯಿಸಿ, ಎಕ್ಸ್‌ರೇ ತೆಗೆಸಬೇಕು. ಎಲುಬು ಸಾಕಷ್ಟು ಉಳಿದಿದ್ದರೆ ಮತ್ತೆ ಶುದ್ಧಿ ಮಾಡಿ, ಕಚ್ಚುವಾಗ ಅದರ ಮೇಲೆ ಬೀಳುವ ಹೆಚ್ಚಿನ ಒತ್ತಡವನ್ನು ತಗ್ಗಿಸಿ, ಬೇಕಾದರೆ ಪಕ್ಕದ ಹಲ್ಲಿಗೆ ಜೋಡಿಸಿ ನಿಲ್ಲಿಸಬಹುದು. ಮೂರು ಬೇರುಗಳಲ್ಲಿ ಒಂದೇ ಕೆಟ್ಟಿದ್ದರೆ ಅದನ್ನು ಮಾತ್ರ ಕತ್ತರಿಸಿ ತೆಗೆದು, ಉಳಿದೆರಡರ ಮೇಲೆ ಹಲ್ಲನ್ನು ಉಳಿಸಿಕೊಳ್ಳುವ ಕ್ರಮವೂ ಇದೆ. ಇದಾವುದೂ ಆಗದಿದ್ದರೆ ಆ ಒಂದು ಹಲ್ಲನ್ನು ಕೀಳಿಸಿ. ಒಂದನ್ನು ಮಾತ್ರ!

ಎಲ್ಲವನ್ನೂ ಕೀಳಿಸಿ ಸೆಟ್ಟು ಹಾಕಿಕೊಂಡರೆ ಮದುವೆಯ ಫೋಟೋದಲ್ಲಿ ಚೆನ್ನಾಗಿ ಕಂಡೀತು. ಆದರೆ ಪೂರ್ಣ ಸೆಟ್ಟಿನಿಂದ ಅಗಿಯುವ ಬಲ ಸ್ವಂತ ಹಲ್ಲಿನದರ ಸುಮಾರು ನಾಲ್ಕನೆಯ ಒಂದು ಪಾಲು, ಎಷ್ಟೋ ವೇಳೆ ಅದಕ್ಕಿಂತಲೂ ಕಡಿಮೆ. ಬೀಗರು ತಂದ ಚಕ್ಕುಲಿ ಕೋಡುಬಳೆಗಳನ್ನು ಪುಡಿಮಾಡಿ ತಿನ್ನಬೇಕಾದೀತು. ಹಲ್ಲು ಹೋದ ದವಡೆಯ ಎಲುಬು ಸವೆಯುತ್ತ ಹೋಗುವುದರಿಂದ, ಅದರಲ್ಲಿಯೂ ಮೊದಲ ವರ್ಷ ಬೇಗ ಸವೆಯುವುದರಿಂದ, ಇಂದು ಬಿಗಿಯಾದ ಸೆಟ್ಟು ನಾಳೆ ಸಡಿಲ. ಎಲುಬಿಗೆ ತಿರುಪು ಹಾಕಿ ಕೂರಿಸುವ ಇಂಪ್ಲಾಂಟ್ ಹಲ್ಲು ಇದೆಯಲ್ಲಾ ಎನ್ನುವಿರೇನೋ. ಅದು ಒಳ್ಳೆಯ ಸಾಧನವೇ. ಆದರೆ ವಸಡಿನ ರೋಗದಿಂದ ಹಲ್ಲು ಕಳೆದುಕೊಂಡವರಲ್ಲಿ ಇಂಪ್ಲಾಂಟಿನ ಸುತ್ತಲಿನ ಎಲುಬೂ ಕರಗುವ ಸಂಭವ ಇತರರಿಗಿಂತ ಹೆಚ್ಚು. ಅದಕ್ಕೂ ತಪ್ಪದೆ ಹೋಗಿ ತೋರಿಸುವ ಶಿಸ್ತೇ ಬೇಕು. ಆ ಶಿಸ್ತನ್ನು ಇರುವ ಹಲ್ಲುಗಳಿಗೇ ಕೊಟ್ಟರೆ ಖರ್ಚೂ ಕಡಿಮೆ.

ಇಷ್ಟೆಲ್ಲ ಮಾಡಿದರೂ ಹಲ್ಲುಗಳು ಹೋಗುತ್ತಲೇ ಇರುವವರು ಉಂಟು. ಆ 600ರಲ್ಲಿ 25 ಮಂದಿಯನ್ನು ಮರೆಯುವಂತಿಲ್ಲ. ಅವರೂ ಚಿಕಿತ್ಸೆ ಪಡೆದವರೇ. ಯಾರು ಆ ಗುಂಪಿಗೆ ಸೇರುತ್ತಾರೆಂದು ಮೊದಲ ದಿನವೇ ನಿಶ್ಚಯವಾಗಿ ಹೇಳುವ ಉಪಾಯ ಇಂದಿಗೂ ಇಲ್ಲ. ಚಿಕಿತ್ಸೆಯ ನಂತರದ ಮೊದಲ ಕೆಲವು ವರ್ಷಗಳ ನಡೆಯನ್ನು ನೋಡಿ ಊಹಿಸಬಹುದು, ಅಷ್ಟೇ. ಆ ವರ್ಷಗಳ ಅಳತೆಯ ಕಾಗದಗಳನ್ನೂ ಎಕ್ಸ್‌ರೇಗಳನ್ನೂ ಬೀರುವಿನಲ್ಲಿ ಜೋಪಾನವಾಗಿಡಿ. ಊರು ಬದಲಾದರೂ ಹೊಸ ವೈದ್ಯರಿಗೆ ಅವು ಬೇಕಾಗುತ್ತವೆ.

ಪತ್ರದಲ್ಲಿ ಕೇಳದ ಒಂದು ಸಂಗತಿಯನ್ನು ಸೇರಿಸುತ್ತೇವೆ. ತೀವ್ರವಾದ ವಸಡಿನ ರೋಗ ಮನೆತನಗಳಲ್ಲಿ ಹರಿದು ಬರುವುದುಂಟು. ತಾಯಿಗೆ ನಲವತ್ತೈದಕ್ಕೇ ಶಸ್ತ್ರಚಿಕಿತ್ಸೆ ಬೇಕಾಯಿತೆಂದರೆ ಮಕ್ಕಳ ವಸಡನ್ನೂ, ಒಡಹುಟ್ಟಿದವರದನ್ನೂ ಒಮ್ಮೆ ಅಳೆಯಿಸಿ ನೋಡಬೇಕು. ಮದುವೆಯ ಜವಳಿ, ಒಡವೆಗಳ ಓಡಾಟದ ನಡುವೆ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು, ತಾವು ಹೋಗುವಾಗ ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು. ಅರ್ಧ ಗಂಟೆಯ ಕೆಲಸ.